ಸೂರ್ಯನ ಅಂಚು ನಡುಗುತ್ತಿತ್ತು

ಮಹಡಿಯ ಬಾಗಿಲು ಕಿರ್ರೆಂದರೂ ಪ್ರೊಫೆಸರಮ್ಮ ತಿರುಗಿ ನೋಡಲಿಲ್ಲ. ಬಲಗಣ್ಣು ದೂರದರ್ಶಕಕ್ಕೆ ಅಂಟಿಕೊಂಡಿತ್ತು, ಎಡಗಣ್ಣು ಮುಚ್ಚಿತ್ತು, ಕೈಯಲ್ಲಿ ಪೆನ್ಸಿಲ್ ಇತ್ತು. ಈ ಹೊತ್ತಿನಲ್ಲಿ ಆಕೆಯನ್ನು ಮಾತಾಡಿಸಬಾರದು ಎಂಬುದು ಜೊತೆಗಿದ್ದ ತಂಗಿ ಮಗಳಿಗೆ ಗೊತ್ತು, ಹಾಲಿನವನಿಗೆ ಗೊತ್ತು, ಎದುರು ಮನೆಯವರಿಗೂ ಗೊತ್ತು.

“ಕಾಫಿ ಆಮೇಲೆ ಕುಡಿತೀನಿ,” ಎಂದಳು.

“ಕಾಫಿ ತಂದಿಲ್ಲ ಮೇಡಂ.”

ಆ ದನಿ...

ಕೇಳಬೇಕೆಂದು ಕಾದು, ಕಾದು ಬೇಸತ್ತು, ಕೊನೆಗೆ ಮರೆತೇಬಿಟ್ಟೆ ಎಂದು ತನಗೆ ತಾನೇ ಹೇಳಿಕೊಂಡಿದ್ದ ದನಿ ಅದು. ಪೆನ್ಸಿಲ್ ಕಾಗದದ ಮೇಲೆ ಎಲ್ಲೋ ಜಾರಿ, ಬರೆಯುತ್ತಿದ್ದ ಸೂರ್ಯನ ಹೊರಗೊಂದು ಗೆರೆ ಬಿತ್ತು.

ಆಕೆ ನಿಧಾನವಾಗಿ ತಿರುಗಿದಳು. ಆತ ಬಾಗಿಲ ಬಳಿಯೇ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಮೈ ಇಳಿದಿತ್ತು. ಅಂಗಿಯ ಜೇಬಿನಲ್ಲಿ ಮಾತ್ರ ಹಳೆಯ ಹಾಗೇ ಒಂದು ರಬ್ಬರ್ ಇಣುಕುತ್ತಿತ್ತು. ವೀಕ್ಷಣಾಲಯದಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಿದ್ದಾಗ ವಿದ್ಯಾರ್ಥಿಗಳ ಚಿತ್ರಗಳನ್ನೆಲ್ಲ ತಿದ್ದುತ್ತಿದ್ದವನು ಆತ. ರಬ್ಬರ್ ಮೇಷ್ಟ್ರು ಎಂಬ ಹೆಸರು ಆಗ ಬಿದ್ದದ್ದು, ಆಮೇಲೆ ಬಿಟ್ಟು ಹೋಗಲೇ ಇಲ್ಲ.

ಆತನಿಗೆ ಮದುವೆ ಆಗಿರಲಿಲ್ಲ. ಈಕೆಗೂ ಆಗಿರಲಿಲ್ಲ. ಯಾಕೆ ಅಂತ ಇಬ್ಬರನ್ನೂ ಕೇಳಿ ಕೇಳಿ ಜನ ಸುಸ್ತಾಗಿ ಸುಮ್ಮನಾಗಿದ್ದರು. ಈಕೆ ನಿವೃತ್ತಳಾದ ದಿನ ಬೀಳ್ಕೊಡುಗೆ ಸಭೆಯಲ್ಲಿ ಆತ ಕೊನೆಯ ಸಾಲಿನಲ್ಲಿ ಕೂತಿದ್ದ. ಆತ ಬಂದು ಏನಾದರೂ ಹೇಳಬಹುದು ಎಂದು ಈಕೆ ಹೂವಿನ ಗುಚ್ಛ ಹಿಡಿದುಕೊಂಡು ಸಭಾಂಗಣ ಖಾಲಿಯಾಗುವ ತನಕ ನಿಂತಿದ್ದಳು. ಆತ ಯಾವಾಗಲೋ ಎದ್ದು ಹೋಗಿದ್ದ. ಇಂದು, ಇಷ್ಟು ವರ್ಷದ ಮೇಲೆ, ಯಾಕೆ ಬಂದ?

“ಸೂರ್ಯ ಹೇಗಿದ್ದಾನೆ ಮೇಡಂ?” ಎಂದು ಕೇಳಿದ. ಹಿಂದೆಲ್ಲ ಬೆಳಗಿನ ನಮಸ್ಕಾರದ ಬದಲು ಕೇಳುತ್ತಿದ್ದ ಮಾತು.

“ಸರಿಯಿಲ್ಲ,” ಎಂದಳು ಆಕೆ.

ಜೀವಮಾನವೆಲ್ಲ ಆಕೆ ಮಾಡಿದ್ದು ಇದೊಂದೇ ಕೆಲಸ. ದೂರದರ್ಶಕದ ಮೂತಿಗೆ ಕಪ್ಪು ಗಾಜು ಹಾಕಿ, ಮೋಡವಿಲ್ಲದ ಪ್ರತಿ ಬೆಳಿಗ್ಗೆ ಸೂರ್ಯನನ್ನು ನೋಡಿ, ಅವನ ಮೈಮೇಲಿನ ಕಪ್ಪು ಕಲೆಗಳನ್ನು ದುಂಡನೆಯ ಗೆರೆಯೊಳಗೆ ಬರೆಯುವುದು. ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಚಿತ್ರಗಳನ್ನು ಲಕೋಟೆಯಲ್ಲಿ ಹಾಕಿ ವೀಕ್ಷಣಾಲಯಕ್ಕೆ ಕಳಿಸುತ್ತಿದ್ದಳು. ಅಲ್ಲಿ ಎಲ್ಲರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ರಬ್ಬರ್ ಮೇಷ್ಟ್ರದ್ದು. ನಿವೃತ್ತಿಯಾದ ಮೇಲೂ ಸಂಬಳವಿಲ್ಲದೆ ಆತ ಅದನ್ನು ಮಾಡಿಕೊಂಡು ಬಂದಿದ್ದ.

ಒಂದು ವರ್ಷದಿಂದ ಸೂರ್ಯ ಬದಲಾಗುತ್ತಿದ್ದ. ಕಲೆಗಳು ಹೆಚ್ಚಬೇಕಾದ ಕಾಲದಲ್ಲಿ ಸಣ್ಣ ಸಣ್ಣವೆಲ್ಲ ಒಂದೊಂದಾಗಿ ಮಾಯವಾಗುತ್ತಿದ್ದವು. ಉಳಿದ ವೀಕ್ಷಕರು ಎಂದಿನಂತೆ ಎಣಿಸುತ್ತಿದ್ದರು. ಅವರೆಲ್ಲ ಕ್ಯಾಮೆರಾದ ಧೂಳು ಎಣಿಸುವವರು ಎಂದು ಪ್ರೊಫೆಸರಮ್ಮ ತಳ್ಳಿಹಾಕಿದ್ದಳು. ತನ್ನ ಕಣ್ಣಿಗಿಂತ ದೊಡ್ಡ ಸಾಕ್ಷಿ ಯಾವುದಿದೆ? ಶುಕ್ರವಾರ ತನ್ನ ಹಳೆಯ ವಿಭಾಗದಲ್ಲಿ ಉಪನ್ಯಾಸವಿತ್ತು. ಸೂರ್ಯ ಮೌನವಾಗುತ್ತಿದ್ದಾನೆ ಎಂದು ಅಲ್ಲಿ ಎಲ್ಲರೆದುರು ಹೇಳುವವಳಿದ್ದಳು. ಅದರ ಆಮಂತ್ರಣ ವೀಕ್ಷಣಾಲಯಕ್ಕೂ ಹೋಗಿತ್ತು.

“ಅಂಚು ಕೂಡ ನಡುಗ್ತಾ ಇದೆ. ಅಲೆ ಅಲೆಯಾಗಿ ಕಾಣ್ತಾನೆ,” ಎಂದಳು. “ಅದು ಬಿಡಿ, ಗಾಳಿ. ಈ ವರ್ಷ ಗಾಳಿ ಕೆಟ್ಟಿದೆ.”

ರಬ್ಬರ್ ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆಮೇಲೆ ಆಕೆಯ ಬಲಗಣ್ಣನ್ನೇ ನೋಡುತ್ತ ನಿಂತುಬಿಟ್ಟ. ಆ ನೋಟಕ್ಕೆ ಆಕೆಯ ಕೆನ್ನೆ ಬಿಸಿಯಾಯಿತು. ಈ ವಯಸ್ಸಿನಲ್ಲಿ ಇದೇನು ಕರ್ಮ ಎಂದು ತನ್ನನ್ನೇ ಬೈದುಕೊಂಡಳು.

“ಶುಕ್ರವಾರದ ಉಪನ್ಯಾಸ ಬೇಡ ಮೇಡಂ.”

“ಏನಂದಿರಿ?”

“ಮುಂದಕ್ಕೆ ಹಾಕಿ. ಒಂದು ಸಲ ಕಣ್ಣು ತೋರಿಸಿಕೊಂಡು...”

ಅಷ್ಟು ಸಾಕಾಯಿತು. ಇದಕ್ಕಾ ಬಂದದ್ದು! ಬೀಳ್ಕೊಡುಗೆಯ ದಿನ ಒಂದು ಮಾತಾಡದವನು, ಮುದುಕಿಗೆ ಕಣ್ಣು ಮಂಜಾಗಿದೆ ಎಂದು ಹೇಳಲು ಮಹಡಿ ಹತ್ತಿ ಬಂದಿದ್ದಾನೆ. ಇಷ್ಟು ವರ್ಷ ಎಲ್ಲರ ಚಿತ್ರ ಅಳಿಸಿದ್ದು ಸಾಲದೆ ನನ್ನದನ್ನೂ ಅಳಿಸಲು ರಬ್ಬರ್ ತಂದಿದ್ದೀರಾ ಎಂದು ಕೇಳಿದಳು. ಆತ ತಲೆ ತಗ್ಗಿಸಿದ. ಆ ಮಾತು ಆತನಿಗೆ ಎಲ್ಲಿ ನಾಟಿತೆಂದು ಆಕೆಗೆ ಆಗ ಗೊತ್ತಿರಲಿಲ್ಲ.

“ಹೊರಡಿ,” ಎಂದಳು.

ಆತ ಹೊರಟ. ಮೆಟ್ಟಿಲ ಕೆಳಗೆ ತಂಗಿ ಮಗಳ ಜೊತೆ ಏನೋ ಪಿಸುಗುಟ್ಟುವುದು ಕೇಳಿಸಿತು. ಆಕೆ ಮತ್ತೆ ಕಣ್ಣಿಟ್ಟಳು. ಸೂರ್ಯನ ಅಂಚು ಸೆರಗಿನ ತುದಿಯ ಹಾಗೆ ಅಲುಗಾಡುತ್ತಿತ್ತು. ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆ ಮಾತ್ರ ಅಲುಗಾಡುತ್ತಿರಲಿಲ್ಲ.

ಅದನ್ನು ಆಕೆ ಗಮನಿಸಲಿಲ್ಲ. ಅಥವಾ, ಗಮನಿಸಬಾರದೆಂದು ಮನಸ್ಸೇ ತಡೆಯಿತೋ ಏನೋ.

* * *

ಗುರುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಪ್ರೊಫೆಸರಮ್ಮ ಕಪ್ಪು ಗಾಜು ಸರಿಮಾಡಿ, ಎಡಗಣ್ಣು ಮುಚ್ಚಿ, ಬಲಗಣ್ಣಿಟ್ಟಳು.

ಏನೂ ಇರಲಿಲ್ಲ.

ಒಂದೇ ಒಂದು ಕಲೆಯೂ ಇಲ್ಲ. ಖಾಲಿ, ನಯವಾದ ಒಂದು ಬಿಲ್ಲೆ. ತಾನು ಹೇಳಿದ್ದೇ ನಿಜವಾಗುತ್ತಿದೆ ಎಂಬ ಸಂತೋಷ ಎಲ್ಲಿ ಹೋಯಿತು? ಯಾಕೆ ಇಷ್ಟು ಭಯ? ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲದ ಮನೆಯೆದುರು ನಿಂತಂತಾಯಿತು.

ಒಬ್ಬಳೇ ಇರಲಾಗದೆ ತಂಗಿ ಮಗಳನ್ನು ಕೂಗಿದಳು. ಆ ಹುಡುಗಿ ಬ್ಯಾಂಕಿಗೆ ಹೊರಟಿದ್ದವಳು ಅರ್ಧ ಜಡೆಯಲ್ಲೇ ಓಡಿ ಬಂದಳು. ನೋಡು, ನಾಳೆ ನಿನ್ನ ಮಕ್ಕಳಿಗೆ ಹೇಳಬಹುದು, ಸೂರ್ಯ ಬರಿದಾದದ್ದನ್ನು ದೊಡ್ಡಮ್ಮನ ಜೊತೆ ನಿಂತು ನೋಡಿದ್ದೆ ಅಂತ, ಎಂದು ಅವಳನ್ನು ಮುಂದೆ ತಳ್ಳಿದಳು.

ಹುಡುಗಿ ನೋಡಿದಳು. ತುಂಬ ಹೊತ್ತು ನೋಡಿದಳು.

“ದೊಡ್ಡಮ್ಮ, ಚುಕ್ಕಿ ಇದೆಯಲ್ಲ. ಮಧ್ಯದಲ್ಲಿ ಮೆಣಸು ಚೆಲ್ಲಿದ ಹಾಗೆ ತುಂಬ ಇದೆ.”

“ಧೂಳು ಅದು.”

ಪ್ರೊಫೆಸರಮ್ಮ ಮೃದು ಬಟ್ಟೆಯಲ್ಲಿ ಗಾಜು ಒರೆಸಿದಳು. ಹುಡುಗಿ ಮತ್ತೆ ನೋಡಿ, ಹಾಗೇ ಇದೆ ಎಂದಳು. ಆಕೆ ಇನ್ನೊಂದು ಮಸೂರ ತೆಗೆದು ಹಾಕಿದಳು. ಹುಡುಗಿ ನೋಡಿದಳು. ದೊಡ್ಡಮ್ಮನ ಮುಖ ನೋಡಿ ಕೆಳಗಿಳಿದು ಹೋಗಿ, ಹಿಂದಿನ ದಿನ ಬಂದ ಮೇಷ್ಟ್ರು ಕೊಟ್ಟು ಹೋಗಿದ್ದ ನಂಬರಿಗೆ ಫೋನ್ ಮಾಡಿದಳು.

ಆತ ಬಂದಾಗ ಆಕೆ ಮುಂದಿನ ಕೋಣೆಯಲ್ಲಿ ಕೂತಿದ್ದಳು. ಬೈಯಲೂ ಶಕ್ತಿ ಇರಲಿಲ್ಲ. ಆತ ಕೂರಲಿಲ್ಲ. ಕಿಟಕಿಯ ಬಾಗಿಲು ಮುಚ್ಚಿದ, ಫ್ಯಾನ್ ಆರಿಸಿದ, ಪರದೆ ಸರಿಸಿದ. ಗಾಜಿನಾಚೆ ಕಬ್ಬಿಣದ ಸರಳುಗಳು ನೆಟ್ಟಗೆ ನಿಂತಿದ್ದವು.

“ಮೇಡಂ, ಎಡಗಣ್ಣು ಮುಚ್ಚಿ. ಬಲಗಣ್ಣಲ್ಲಿ ಆ ಸರಳು ನೋಡಿ.”

ಆಕೆ ಅಂಗೈಯಿಂದ ಎಡಗಣ್ಣು ಮುಚ್ಚಿದಳು.

ಸರಳುಗಳು ಬಾಗಿದ್ದವು. ನಡುವಿನ ಎರಡು ಬೆಂಕಿಗೆ ಹಿಡಿದಂತೆ ಸೊಟ್ಟಗಾಗಿ, ಒಂದು ಕಡೆ ತುಂಡಾಗಿ, ಆ ಜಾಗದಲ್ಲಿ ಬರೀ ಬೆಳಕಿತ್ತು. ಕೈ ತೆಗೆದಳು. ನೆಟ್ಟಗಾದವು. ಮುಚ್ಚಿದಳು. ಬಾಗಿದವು.

“ಗಾಳಿ...” ಎಂದಳು.

“ಕಿಟಕಿ ಮುಚ್ಚಿದೆ ಮೇಡಂ. ಇಲ್ಲಿ ಗಾಳಿ ಇಲ್ಲ.”

ಬೇರೆ ಯಾರಾದರೂ ಆಗಿದ್ದರೆ, ಕಂಬ ಸೊಟ್ಟ ಕಂಡ ದಿನವೇ ಡಾಕ್ಟರ ಹತ್ತಿರ ಓಡುತ್ತಿದ್ದರು. ಪ್ರೊಫೆಸರಮ್ಮ ಹಾಗಲ್ಲ. ಕಂಡದ್ದು ನಡುಗಿದರೆ ಗಾಳಿಯದು ತಪ್ಪು ಎಂದು ಮಕ್ಕಳಿಗೆ ಪಾಠ ಹೇಳಿಕೊಂಡೇ ಬದುಕಿದವಳು. ತನ್ನ ಕಣ್ಣಿನ ಮೇಲೆ ಆಕೆಗೆ ಎಂದೂ ಅನುಮಾನ ಬಂದಿರಲಿಲ್ಲ.

* * *

ಅಂದೇ ಮಧ್ಯಾಹ್ನ ನೋಡಿದ ಕಣ್ಣಿನ ಡಾಕ್ಟರು ಮೃದುವಾಗಿ ಮಾತಾಡುವ ಹೆಂಗಸು. ಅಕ್ಷಿಪಟಲದ ನಟ್ಟನಡುವೆ ದ್ರವ ಸೋರಿ ಗಾಯವಾಗಿದೆ, ಬಲಗಣ್ಣಿನ ನಡುವಿನ ನೋಟ ಮತ್ತೆ ಬರುವುದಿಲ್ಲ ಎಂದರು. ಕಾಣದ ಜಾಗವನ್ನು ಮಿದುಳು ಸುತ್ತಲಿನ ಬೆಳಕಿನಿಂದ ತುಂಬಿಬಿಡುತ್ತದೆ, ಅದಕ್ಕೇ ನಿಮಗೆ ತಿಳಿಯಲಿಲ್ಲ ಎಂದರು. ಎಡಗಣ್ಣಿನಲ್ಲೂ ಶುರುವಾಗಿದೆ. ಇಂಜೆಕ್ಷನ್ ಕೊಟ್ಟು ತಡೆಯಲು ನೋಡೋಣ.

“ಒಂದು ವರ್ಷ ಮುಂಚೆ ಬಂದಿದ್ದರೆ ಬಲಗಣ್ಣನ್ನೂ ಉಳಿಸಿಕೊಳ್ಳಬಹುದಿತ್ತೇನೋ,” ಎಂದು ಕೊನೆಗೆ ಹೇಳಿದರು.

ಹೊರಗಿನ ಓಣಿಯಲ್ಲಿ ಬೆಂಚಿನ ಮೇಲೆ ಪ್ರೊಫೆಸರಮ್ಮ ಕೂತಳು. ತಂಗಿ ಮಗಳು ಔಷಧಿ ತರಲು ಹೋದಳು. ರಬ್ಬರ್ ಮೇಷ್ಟ್ರು ಎದುರು ನಿಂತಿದ್ದ. ನಿಮಗೆ ಹೇಗೆ ಗೊತ್ತಾಯಿತು ಎಂದು ಆಕೆ ಕೇಳಿದಳು. ತನ್ನ ತಾಯಿಗೆ ಹೀಗೇ ಆಗಿತ್ತು, ಬಾಗಿಲ ಚೌಕಟ್ಟು ನಡುಗುತ್ತದೆ ಎನ್ನುತ್ತಿದ್ದರು, ಎಂದ. ನಿಮ್ಮ ಬೀಳ್ಕೊಡುಗೆಯ ಹೊತ್ತಿಗೆ ಅವರಿಗೆ ಪೂರ್ತಿ ಕಾಣದಾಗಿತ್ತು, ಮನೆಯಲ್ಲಿ ಒಬ್ಬರೇ ಇದ್ದರು, ಎಂದೂ ಹೇಳಿದ.

ಅದಕ್ಕೇ ಅಂದು ಎದ್ದು ಹೋದದ್ದು... ಆಕೆಯ ಮನಸ್ಸಿನಲ್ಲಿ ಹಳೆಯದೊಂದು ಗಂಟು ಸಡಿಲಾಯಿತು. ಇವರು ಇರದಿದ್ದರೆ ಏನಾಗುತ್ತಿತ್ತು ಎಂದುಕೊಂಡಳು. ಥ್ಯಾಂಕ್ಸ್ ಹೇಳಬೇಕೆಂದು ತಲೆ ಎತ್ತಿದಳು.

“ಹೇಳಬೇಡಿ,” ಎಂದ ಆತ. “ಮೊದಲು ಕೇಳಿ. ನಿಮ್ಮ ಚಿತ್ರದಲ್ಲಿ ಸಣ್ಣ ಚುಕ್ಕಿಗಳು ತಪ್ಪಿಹೋಗ್ತಿದ್ದದ್ದು ನನಗೆ ಒಂದು ವರ್ಷದಿಂದ ಗೊತ್ತು.”

ವೀಕ್ಷಣಾಲಯದಲ್ಲಿ ಒಂದು ಪದ್ಧತಿಯಿತ್ತು. ಯಾರದಾದರೂ ಚಿತ್ರ ಉಳಿದವರಿಗಿಂತ ಸತತವಾಗಿ ಕಡಿಮೆ ಬಿದ್ದರೆ, ಉಪಕರಣ ಪರೀಕ್ಷಿಸಿ, ಕಣ್ಣು ಪರೀಕ್ಷಿಸಿಕೊಳ್ಳಿ ಎಂದು ತಿಳಿಸಬೇಕು. ಆಮೇಲೂ ಸರಿಹೋಗದಿದ್ದರೆ ಅವರ ಚಿತ್ರ ತರಿಸುವುದನ್ನು ನಿಲ್ಲಿಸಬೇಕು. ಪ್ರೊಫೆಸರಮ್ಮನೇ ತಂದ ಪದ್ಧತಿ ಅದು. ಆತ ಬೇರೆಲ್ಲರಿಗೂ ತಿಳಿಸಿದ್ದ. ಆಕೆಗೆ ತಿಳಿಸಲಿಲ್ಲ. ಬದಲಿಗೆ, ಕಾಣೆಯಾದ ಚುಕ್ಕಿಗಳನ್ನು ಆಕೆಯ ಕೈಬರಹದಂತೆಯೇ ಪೆನ್ಸಿಲಿನಲ್ಲಿ ತಾನೇ ಇಡುತ್ತ ಬಂದ. ಅಳಿಸುವುದನ್ನೇ ಕಸುಬು ಮಾಡಿಕೊಂಡವನು ಆಕೆಗೋಸ್ಕರ ಬರೆಯಲು ಕೂತಿದ್ದ.

“ಮಸೂರ ಹಳೆಯದಾಗಿದೆ ಅಂದುಕೊಂಡೆ. ಕಣ್ಣು ಅಂತ ಹೊಳೆಯಲಿಲ್ಲ. ಅಂಚು ನಡುಗುತ್ತೆ ಅಂತ ನೀವು ಅಂದಾಗಲೇ...” ಆತ ಜೇಬಿನ ರಬ್ಬರ್ ಮುಟ್ಟಿಕೊಂಡ. “ತಿಳಿಸಿದರೆ ನಿಮಗೆ ಬೇಜಾರಾಗುತ್ತೆ, ಲಕೋಟೆ ಬರೋದು ನಿಂತುಹೋಗುತ್ತೆ ಅಂತ ಹೆದರಿದೆ. ತಿಂಗಳಿಗೊಂದು ಲಕೋಟೆ ಮೇಡಂ. ಅದರ ಮೇಲೆ ನಿಮ್ಮ ಅಕ್ಷರ. ನನ್ನ ಬದುಕಿನಲ್ಲಿ ನೀವು ಅಂತ ಇದ್ದದ್ದು ಅಷ್ಟೇ.”

ಯಾವ ಮಾತಿಗಾಗಿ ಆಕೆ ಖಾಲಿ ಸಭಾಂಗಣದಲ್ಲಿ ಹೂ ಹಿಡಿದು ನಿಂತಿದ್ದಳೋ ಆ ಮಾತು ಅದು. ಆಸ್ಪತ್ರೆಯ ಓಣಿಯಲ್ಲಿ, ಹೀಗೆ ಬರಬೇಕಿತ್ತೇ?

“ಉಪನ್ಯಾಸ ಬೇಡ ಅಂದಿದ್ದು, ನೀವು ಮಾಡಿದ್ದು ಹೊರಗೆ ಬೀಳುತ್ತೆ ಅಂತ ತಾನೆ?”

“ಮನೆಯಿಂದ ಹೊರಟಾಗ ಅದೂ ಇತ್ತು. ನಿಮ್ಮ ಮಹಡಿ ಇಳಿಯುವಾಗ ಇರಲಿಲ್ಲ.”

ಆಕೆ ಎದ್ದಳು. ಗೋಡೆ ಹಿಡಿದು ನಡೆದಳು. ಆತ ಕೈ ಚಾಚಿದ, ಆಕೆ ಹಿಡಿಯಲಿಲ್ಲ.

“ನೀವು ಪ್ರೀತಿಯಿಂದಲೇ ಮಾಡಿದಿರಿ,” ಎಂದಳು ತಿರುಗಿ ನೋಡದೆ. “ನನ್ನ ಕಣ್ಣು ಹೋಯ್ತು.”

* * *

ಶುಕ್ರವಾರ ಆಕೆ ಉಪನ್ಯಾಸಕ್ಕೆ ಹೋದಳು. ತಂಗಿ ಮಗಳು ಬೇಡವೆಂದು ಅತ್ತಳು, ಕೈ ಹಿಡಿದಳು. ಕರೆದವರಿಗೆ ಕೈ ಕೊಡುವುದು ತನಗೆ ಗೊತ್ತಿಲ್ಲ ಎಂದು ಪ್ರೊಫೆಸರಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಸಭಾಂಗಣ ತುಂಬಿತ್ತು. ಆಕೆ ವೇದಿಕೆಯ ಮೇಲೆ ಹಾಳೆಗಳನ್ನು ಮುಚ್ಚಿಟ್ಟಳು.

“ನಾನು ಹೇಳಲು ಬಂದಿದ್ದು ತಪ್ಪು,” ಎಂದಳು. “ಸೂರ್ಯ ಚೆನ್ನಾಗಿದ್ದಾನೆ. ಹೋಗಿರೋದು ನನ್ನ ಕಣ್ಣು.”

ತನ್ನಂತೆ ಯಾರೂ ಮೋಸಹೋಗಬಾರದೆಂದು, ಸರಳು ಬಾಗಿದ್ದು, ಗಾಳಿಯನ್ನು ಬೈದದ್ದು, ಎಲ್ಲವನ್ನೂ ಪಾಠ ಮಾಡುವ ಹಾಗೆಯೇ ಹೇಳಿದಳು. ಆಗ ಮುಂದಿನ ಸಾಲಿನಲ್ಲಿದ್ದ ವಿಭಾಗದ ಮುಖ್ಯಸ್ಥ ವಿನಯದಿಂದಲೇ ಒಂದು ಪ್ರಶ್ನೆ ಕೇಳಿದ. ನಿಮಗೆ ಚುಕ್ಕಿ ಕಾಣುತ್ತಿರಲಿಲ್ಲ ಎಂದಾದರೆ, ವೀಕ್ಷಣಾಲಯದಲ್ಲಿರುವ ನಿಮ್ಮ ಈ ವರ್ಷದ ಚಿತ್ರಗಳು ಎಲ್ಲರ ಚಿತ್ರಗಳಿಗೂ ಹೊಂದುವುದು ಹೇಗೆ?

ಪ್ರೊಫೆಸರಮ್ಮ ನೀರಿನ ಲೋಟಕ್ಕೆ ಕೈ ಹಾಕಿದಳು. ಒಂದು ಮಾತು ಸಾಕಿತ್ತು. ಕೋಪವಿತ್ತು, ಬೇಕಾದಷ್ಟಿತ್ತು. ಆದರೂ ನಾಲಿಗೆ ಏಳಲಿಲ್ಲ. ನೀರು ಕುಡಿದಳು, ಲೋಟ ಕೆಳಗಿಟ್ಟಳು.

ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

“ಆ ಚುಕ್ಕಿಗಳು ನನ್ನವು,” ಎಂದಿತು ಆ ದನಿ. “ಅವರಿಗೆ ಗೊತ್ತಿಲ್ಲದೆ ನಾನು ಇಟ್ಟಿದ್ದು. ತಿಳಿಸಬೇಕಾಗಿತ್ತು, ತಿಳಿಸಲಿಲ್ಲ. ಅದಕ್ಕೇ ಅವರ ಕಣ್ಣು ಹೋಯಿತು.”

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಅಂದು ಸಂಜೆಯೇ ವೀಕ್ಷಣಾಲಯ ಆತನಿಂದ ಬೀಗದ ಕೈ ವಾಪಸು ತೆಗೆದುಕೊಂಡಿತು. ಆತನಿಗೆ ಉಳಿದಿದ್ದ ಒಂದೇ ಕೆಲಸ ಅದು.

ಆಮೇಲಿನ ದಿನಗಳಲ್ಲಿ ಮನೆಯ ಮೇಲೆ ಏನೋ ಒಂದು ಕವಿದುಕೊಂಡಿತ್ತು. ದೂರದರ್ಶಕಕ್ಕೆ ಬಟ್ಟೆ ಮುಚ್ಚಿತ್ತು. ಪ್ರೊಫೆಸರಮ್ಮ ದಿನಕ್ಕೆ ಹತ್ತು ಸಲ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಕಿಟಕಿಯ ಸರಳು ನೋಡುತ್ತಿದ್ದಳು. ನೆಟ್ಟಗಿದೆಯಾ? ಇದೆ. ಇದೆಯಾ, ಅಥವಾ ಇದೆ ಅಂದುಕೊಳ್ಳುತ್ತಿದ್ದೇನಾ? ಒಮ್ಮೆ ಮೋಸಮಾಡಿದ ಕಣ್ಣನ್ನು ಮತ್ತೆ ನಂಬುವುದು ಹೇಗೆ?

ಇಂಜೆಕ್ಷನ್‌ಗೆ ಹೋದಾಗಲೆಲ್ಲ ರಬ್ಬರ್ ಮೇಷ್ಟ್ರು ಓಣಿಯ ತುದಿಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಹತ್ತಿರ ಬರುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಎದ್ದು ಹೋಗಲು ಹೇಳಲಾ ಎಂದು ತಂಗಿ ಮಗಳು ಹಲ್ಲು ಕಡಿದಳು.

“ಕುರ್ಚಿ ಆಸ್ಪತ್ರೆಯದು ಕಣೇ, ನಮ್ಮದಲ್ಲ,” ಎಂದಳು ದೊಡ್ಡಮ್ಮ.

ಒಂದು ದಿನ ಇಂಜೆಕ್ಷನ್ ಆಗಿ, ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಕೆ ಬೆಂಚಿನ ಮೇಲೆ ಕೂತಿದ್ದಳು. ಸ್ವಲ್ಪ ದೂರದಲ್ಲಿ, ಓಣಿಯ ತುದಿಯ ಕುರ್ಚಿಯ ಹತ್ತಿರ, ಡಾಕ್ಟರು ತಂಗಿ ಮಗಳ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದರು. ಹುಡುಗಿ ಬಂದು ಪಕ್ಕದಲ್ಲಿ ಕೂತು ಕೈ ಹಿಡಿದಳು. ಕಣ್ಣೊರೆಸಿಕೊಂಡ ಅವಳ ಕೈ ಒದ್ದೆಯಾಗಿತ್ತು.

“ಎಲ್ಲ ಚೆನ್ನಾಗಿದೆಯಂತೆ ದೊಡ್ಡಮ್ಮ.”

ಆ ದನಿ ನಡುಗುತ್ತಿತ್ತು. ಪ್ರೊಫೆಸರಮ್ಮ ಕೈ ಬಿಡಿಸಿಕೊಂಡಳು. ಹೀಗೇ ಇನ್ನು... ಎಲ್ಲರೂ ಪ್ರೀತಿಯಿಂದಲೇ ಸುಳ್ಳು ಹೇಳುತ್ತಾರೆ, ನಾನು ಕತ್ತಲಲ್ಲಿ ಕೂತು ನಂಬುತ್ತ ಹೋಗಬೇಕು. ಇದನ್ನು ಮಾತ್ರ ತಡೆಯಲಾರೆ ಎನಿಸಿತು.

ಆಕೆ ಓಣಿಯ ತುದಿಯ ಕಡೆ ಮುಖ ತಿರುಗಿಸಿದಳು.

“ಅಲ್ಲಿ ಕೂತವರೇ, ಡಾಕ್ಟರು ಏನಂದರು?”

ಹೆಜ್ಜೆಗಳು ಹತ್ತಿರ ಬಂದವು.

“ಎಡಗಣ್ಣಲ್ಲಿ ಮತ್ತೆ ಸೋರಿದೆಯಂತೆ. ಇಂಜೆಕ್ಷನ್‌ಗೆ ನಿಲ್ಲಬಹುದು, ನಿಲ್ಲದೇನೂ ಇರಬಹುದು ಅಂದರು.” ಆತ ಉಸಿರೆಳೆದುಕೊಂಡ. “ಖಾತ್ರಿ ಇಲ್ಲ ಅಂದರು ಮೇಡಂ.”

ಹುಡುಗಿ ಬಿಕ್ಕಿದಳು. ಪ್ರೊಫೆಸರಮ್ಮ ಅವಳ ಬೆನ್ನು ಸವರಿದಳು. ಸುದ್ದಿ ಕೆಟ್ಟದ್ದೇ. ಆದರೆ ಎಷ್ಟೋ ದಿನದ ನಂತರ ಕಾಲ ಕೆಳಗೆ ಗಟ್ಟಿ ನೆಲ ಸಿಕ್ಕಂತಾಯಿತು.

“ನಾಡಿದ್ದು ಪಟ್ಟಿ ತೆಗೀತಾರೆ,” ಎಂದಳು. “ಅದರ ಮಾರನೇ ದಿನ ಮೋಡ ಇಲ್ಲದಿದ್ದರೆ ಮಹಡಿಗೆ ಬನ್ನಿ.”

* * *

ಮೋಡ ಇತ್ತು. ಆದರೂ ಆತ ಬಂದ. ಇಬ್ಬರೂ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕೂತು, ಮೋಡ ಸರಿಯುವುದನ್ನು ಕಾದರು. ಪಡುವಣದ ಕಡೆ ಆಕಾಶ ಕಪ್ಪಗೆ ಏಳುತ್ತಿತ್ತು. ತಂಗಿ ಮಗಳು ಎರಡು ಕಾಫಿ ತಂದಿಟ್ಟು, ಆತನ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿ ಹೋದಳು.

ಬಿಸಿಲು ಬಂತು. ಪ್ರೊಫೆಸರಮ್ಮ ದೂರದರ್ಶಕದ ಬಟ್ಟೆ ತೆಗೆದು, ಕಪ್ಪು ಗಾಜನ್ನು ಬೆರಳಲ್ಲೇ ಮುಟ್ಟಿ ಸರಿಮಾಡಿ, ಪಕ್ಕಕ್ಕೆ ಸರಿದು ನಿಂತಳು. ಆತನನ್ನು ನೋಡಲು ಹೇಳಿದಳು. ತಾನು ಹಾಳೆ ಹಿಡಿದು ಕೂತಳು.

“ನೀವು ಹೇಳಿ, ನಾನು ಬರೀತೀನಿ. ಇದ್ದದ್ದು ಇದ್ದ ಹಾಗೆ.”

ಆತ ಹೇಳುತ್ತ ಹೋದ. ನಡುವೆ ದೊಡ್ಡದೊಂದು ಗುಂಪು, ಅದರ ಬಾಲಕ್ಕೆ ಸಣ್ಣ ಚುಕ್ಕಿಗಳು, ಎಡದಂಚಿನಲ್ಲಿ ಹೊಸದೊಂದು. ಆಕೆಯ ಕೈಗೆ ಸೂರ್ಯನ ದಾರಿ ಗೊತ್ತಿತ್ತು. ಪೆನ್ಸಿಲ್ ತಡವರಿಸಲಿಲ್ಲ. ಸೂರ್ಯ ಮತ್ತೆ ತುಂಬಿಕೊಳ್ಳುತ್ತಿದ್ದ.

“ಕೆಳಗೊಂದು ಇದೆ,” ಎಂದು ಆತ ಮಾತು ನಿಲ್ಲಿಸಿದ. “ಚುಕ್ಕಿನೋ ಧೂಳೋ ನನಗೆ ಗೊತ್ತಾಗ್ತಾ ಇಲ್ಲ ಮೇಡಂ.”

ಆಕೆಯ ಕಣ್ಣು ತುಂಬಿ ಬಂತು. ಗೊತ್ತಾಗ್ತಾ ಇಲ್ಲ. ಈ ಮಾತನ್ನು ಒಂದು ವರ್ಷದ ಹಿಂದೆ ಹೇಳಿದ್ದರೆ... ಹೇಳಿರಲಿಲ್ಲ. ಅದು ವಾಪಸು ಬರುವುದಿಲ್ಲ, ಆ ಕಣ್ಣೂ ಬರುವುದಿಲ್ಲ. ನೋವು ಹೋಗುವುದೂ ಇಲ್ಲ. ಅದು ಇದ್ದಲ್ಲೇ ಇರಲಿ, ಇವರೂ ಇರಲಿ ಎಂದುಕೊಂಡಳು.

“ಬಿಡಿ, ಖಾಲಿ ಬಿಡೋಣ,” ಎಂದು ಪೆನ್ಸಿಲ್ ಕೆಳಗಿಟ್ಟಳು. “ನನ್ನ ಕಡೆ ನೋಡಿ.”

ಆತ ತಿರುಗಿದ. ಆಕೆ ಎಡಗಣ್ಣು ಕಿರಿದು ಮಾಡಿ ಆತನ ಮುಖ ಹುಡುಕಿದಳು. ಎಷ್ಟು ದಿನ ಹೀಗೆ ಕಾಣುತ್ತದೋ. ಕಾಣುವಷ್ಟು ದಿನ ನೋಡಿಬಿಡಬೇಕು.

“ಈ ಕಣ್ಣೂ ಹೋದರೆ?”

“ಹೋದರೆ, ಹೋಗ್ತಾ ಇದೆ ಅಂತ ಆವತ್ತೇ ಹೇಳ್ತೀನಿ.”

“ಮರೆಮಾಚೋದಿಲ್ಲ ತಾನೆ?”

“ಇಲ್ಲ.”

“ಹಾಗಾದರೆ ಸರಿಯಾಗಿ ನೋಡಿ ಹೇಳಿ. ತುಂಬ ಮುದುಕಿ ಆಗಿದ್ದೀನಾ?”

ಆತ ನೋಡಿದ. ಸೂರ್ಯನನ್ನು ನೋಡಿದಷ್ಟೇ ಜಾಗ್ರತೆಯಿಂದ, ಅಷ್ಟೇ ಹೊತ್ತು ನೋಡಿದ.

“ಆಗಿದ್ದೀರಿ ಮೇಡಂ.”

ಪ್ರೊಫೆಸರಮ್ಮ ನಕ್ಕಳು. ಆ ಮಹಡಿಯಲ್ಲಿ ಅಂಥ ನಗು ಕೇಳಿ ತುಂಬ ಕಾಲವಾಗಿತ್ತು, ಕೆಳಗೆ ತಂಗಿ ಮಗಳು ಕೆಲಸ ನಿಲ್ಲಿಸಿ ಕಿವಿಗೊಟ್ಟಳು. ಮಳೆಯ ಮೊದಲ ಹನಿ ಹಾಳೆಯ ಮೇಲೆ ಬಿತ್ತು. ಆಕೆ ಕೈ ಚಾಚಿದಳು, ಈ ಸಲ ಆತನ ಕೈ ಸಿಗುವ ತನಕ ಗಾಳಿಯಲ್ಲಿ ತಡಕಾಡಿದಳು.

“ಹಾಗಿದ್ದರೆ ಇಲ್ಲೇ ಇದ್ದುಬಿಡಿ,” ಎಂದಳು.